ಜಪ್ತಿಯಾದ ನಾಲ್ಕು ಪುಸ್ತಕಗಳು

ನಿಂಬರ್ಗಾ
೧೪ ಮಾರ್ಚ್ ೧೯೪೮

ಪ್ರೀತಿಯ ದತ್ತಣ್ಣನಿಗೆ, ತಂಗಿಯ ಶರಣು.

ಸೊಲ್ಲಾಪುರದ ಗಿರಣಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಯಿತೇ? ಶುಂಠಿ, ಬೆಲ್ಲ ಬಿಡಬೇಡ. ಅವ್ವ ದಿನಾ ನಿನ್ನನ್ನೇ ನೆನೆಯುತ್ತಾಳೆ. ಇಲ್ಲಿ ಎಲ್ಲರೂ ಕ್ಷೇಮ. ಆದರೆ ಸಿಟ್ಟಿನಿಂದ ನನ್ನ ಮೈ ಉರಿಯುತ್ತಿದೆ, ಬರೆಯದೆ ಇರಲಾರೆ.

ನೀನು ಅಕ್ಷರ ಕಲಿಸಿದ್ದರಿಂದ, ನೀನು ಕಳಿಸಿದ ನಾಲ್ಕೂ ಪುಸ್ತಕ ಓದಿ ಮುಗಿಸಿದೆ. ಗೃಹಿಣಿಯರಿಗೆ ಬುದ್ಧಿ ಹೇಳುವ ಪುಸ್ತಕ ಬರೆದ ಮಹಾರಾಯ ಯಾರು? ಗಂಡನಿಗಿಂತ ಮೊದಲು ಎದ್ದು ತುಳಸಿಗೆ ನೀರು ಹಾಕಬೇಕಂತೆ. ನಸುಕಿನಲ್ಲಿ ಗಂಡನ ಜೊತೆಗೇ ತೊಗರಿ ಕೊಯ್ಯಲು ಹೋಗುವ ಒಬ್ಬ ಹೆಂಗಸೂ ಅದರಲ್ಲಿಲ್ಲ! ಭೂಗೋಳದಲ್ಲಿ ವಿಲಾಯತಿಯ ನದಿಗಳೆಲ್ಲ ಇವೆ, ನಮ್ಮನ್ನು ದೂರ ನಿಲ್ಲಿಸುವ ಬಾವಿಯ ಸುದ್ದಿಯಿಲ್ಲ. ವಚನಗಳನ್ನು ಓದಿ ಹೇಳಿದಾಗ ಮಾತ್ರ ಅವ್ವ ಕಣ್ಣೊರೆಸಿಕೊಂಡು, "ಇಷ್ಟು ಚಂದ ಹೇಳ್ಯಾರ, ಊರಾಗಿನ ಮಂದಿಗಿ ಯಾಕ ಕೇಳ್ಸಿಲ್ಲಬೇ?" ಎಂದಳು.

ನಾಲ್ಕನೆಯದು ಹೆರಿಗೆಯ ಪುಸ್ತಕ. ಹನ್ನೊಂದು ದಿನದ ಹಿಂದೆ ನಮ್ಮ ತಂಗಿ ಮರೆಮ್ಮ ಹೆತ್ತಳು. ಸೂಲಗಿತ್ತಿ ನಿಂಬೆವ್ವ ಹೊಕ್ಕಳಬಳ್ಳಿ ಕೊಯ್ಯಲು ಹುಲ್ಲು ಕೊಯ್ಯುವ ಕುಡಗೋಲನ್ನೇ ಎತ್ತಿದಳು. ಕುದಿಸದೆ ಮುಟ್ಟಿಸಬಾರದೆಂದು ಓದಿದ್ದೆನಲ್ಲ, ಅವಳ ಕೈ ಹಿಡಿದೆ. "ನಿನ್ನ ಹುಟ್ಟಿಸಿದಾಕಿ ನಾನು, ನನಗ ಕಲಸ್ತೀಯೇನಬೇ?" ಎಂದು ಗದರಿದಳು. ಮರೆಮ್ಮನ ಮೊದಲ ಕೂಸು ಏಳನೇ ದಿನಕ್ಕೆ ಸೆಟೆದು ಸತ್ತದ್ದು ನಿನಗೆ ಗೊತ್ತು. ನಾನು ಕೈ ಬಿಡಲಿಲ್ಲ. ಪಕ್ಕದ ಮನೆಯ ನಜಮುನ್ನಿಸಾ ಓಡಿ ಹೋಗಿ ಒಲೆಯ ಮೇಲೆ ನೀರಿಟ್ಟಳು, ಅದರಲ್ಲಿ ಕುಡಗೋಲು ಕುದಿಸಿದ ಮೇಲೇ ನಿಂಬೆವ್ವ ಬಳ್ಳಿ ಕೊಯ್ದಳು. ಏಳನೇ ದಿನ ದಾಟಿತಣ್ಣ. ಕೂಸು ಗಟ್ಟಿಯಾಗಿ ಅಳುತ್ತದೆ.

ಸುದ್ದಿ ಊರೆಲ್ಲ ಹಬ್ಬಿತು. ನಿನ್ನೆ ಪೊಲೀಸ ಪಾಟೀಲ ಬಂದು, ಸೊಲ್ಲಾಪುರದಿಂದ ಬಂದ ಪುಸ್ತಕಗಳೆಲ್ಲ ನಿಜಾಮ ಸರ್ಕಾರದ ವಿರುದ್ಧದವು ಎಂದು ನಾಲ್ಕನ್ನೂ ಜಪ್ತಿ ಮಾಡಿದ. ಕುಡಗೋಲು ಕುದಿಸುವುದರಲ್ಲಿ ಏನು ಬಂಡಾಯವಿದೆ ಎಂದು ಕೇಳಿದೆ. "ನಿಮ್ಮ ಕೇರ್ಯಾಗ ಹೆಣ್ಮಗಳು ಓದೂದೇ ಬಂಡಾಯ" ಎಂದ. ಅವನ ಮುಖಕ್ಕೆ ಉಗುಳದೆ ನಿಂತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಈ ಕಾಗದವನ್ನು ನಜಮುನ್ನಿಸಾಳ ಗಂಡ ಬುರಾನುದ್ದೀನ ಗಾಡಿಯಲ್ಲಿ ತರುತ್ತಾನೆ. ಉಣ್ಣಿಸದೆ ಕಳಿಸಬೇಡ. ಅವ್ವನ ಹರಕೆ ನಿನ್ನ ಮೇಲಿರಲಿ, ಮರೆಮ್ಮ ನಮಸ್ಕಾರ ಹೇಳಿದ್ದಾಳೆ.

ನಿನ್ನ ತಂಗಿ
ಅಂಬುಬಾಯಿ

ತಾ.ಕ.: ಕಾಗದ ಮಡಚುವಷ್ಟರಲ್ಲಿ ಪಾಟೀಲನ ಹೆಂಡತಿ ನಮ್ಮ ಕೇರಿಗೇ ನಡೆದು ಬಂದಿದ್ದಾಳೆ. ಸೊಸೆಗೆ ಬೇನೆ ಸುರುವಾಗಿದೆಯಂತೆ, ಮನೆಯಲ್ಲಿ ಓದಬಲ್ಲ ಹೆಂಗಸರಿಲ್ಲ. ಹೆರಿಗೆಯ ಪುಸ್ತಕ ಅವಳ ಸೆರಗಿನಲ್ಲಿದೆ. "ಹಿತ್ತಲ ಬಾಗಲದಿಂದ ಬಾರಬೇ, ಯಾರೂ ನೋಡೂದಿಲ್ಲ" ಎಂದಳು. "ಮುಂದಿನ ಬಾಗಲದಿಂದ ಕರದ್ರ ಬರ್ತೇನ್ರಿ" ಎಂದೆ. ನೆಲ ನೋಡುತ್ತ ಹೂಂ ಅಂದಳು. ನನ್ನ ಸಿಟ್ಟು ಇಳಿದಿಲ್ಲ. ಆದರೆ ಹೆರುವವಳ ತಪ್ಪೇನಣ್ಣ? ಹೊರಟೆ.