ಮಾತು ಕೇಳದವು

ನಾರ್ತ್ ಕ್ರೀಕ್, ಬಾಥೆಲ್
ಅಕ್ಟೋಬರ್ 12, 2025

ಪ್ರೀತಿಯ ಗೋವಿಂದ,

ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಮಂಡಿ ಆಪರೇಷನ್ ಆಗಿ ಮಲಗಿದ್ದವನು ನೀನು ಬರೆದೆ, ಎರಡು ಕಾಲೂ ನೆಟ್ಟಗಿರುವ ನಾನು ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಬೈದುಬಿಡು. ಈಗ ಕೋಲಿಲ್ಲದೆ ಕುಕ್ಕರಹಳ್ಳಿ ಕೆರೆ ಸುತ್ತುತ್ತೀಯಂತೆ, ನಿನ್ನ ಮನೆಯವರು ಶಾರದಾಳಿಗೆ ಫೋನಿನಲ್ಲಿ ಹೇಳಿದರು. ಕೇಳಿ ಸಮಾಧಾನವಾಯಿತು.

ನನಗೆ ಸುಸ್ತಾಗಿದೆ ಮಾರಾಯ. ಬೆಳಿಗ್ಗೆ 405 ಹೆದ್ದಾರಿಯಲ್ಲಿ ಕಾರು ನಿಂತಲ್ಲೇ ನಿಂತಿರುತ್ತದೆ, ಸ್ಟಿಯರಿಂಗ್ ಹಿಡಿದೇ ತೂಕಡಿಸುತ್ತೇನೆ. ಜೂನ್‌ಗೆ ನಿವೃತ್ತಿ. ಅಷ್ಟರೊಳಗೆ ಲ್ಯಾಬಿನ ಕಪಾಟುಗಳನ್ನೆಲ್ಲ ಖಾಲಿ ಮಾಡಿಕೊಡಬೇಕು. ಸ್ನೊಕ್ವಾಲ್ಮಿಯ ಮೇಲಿನ ಬೆಟ್ಟದಲ್ಲಿ ನಾವಿಬ್ಬರೂ ಹೆಮ್ಲಾಕ್ ಮರಗಳಿಗೆ ಬೈರಿಗೆ ಹಾಕಿ, ಪೆನ್ಸಿಲ್ಲಿಗಿಂತ ಸಪೂರದ ಕಡ್ಡಿ ತೆಗೆದು, ಜ್ಯೂಸ್ ಕುಡಿಯುವ ಸ್ಟ್ರಾಗಳಲ್ಲಿ ತುಂಬಿ ಹೊತ್ತು ತಂದೆವಲ್ಲ, ಅವೆಲ್ಲ ಈಗ ನನ್ನ ಮೇಜಿನ ಮೇಲಿವೆ.

ಸಹಾಯಕ್ಕೆ ಮೈತ್ರಿ ಎಂಬ ಪಿಎಚ್‌ಡಿ ವಿದ್ಯಾರ್ಥಿನಿ ಇದ್ದಾಳೆ. ವುಡಿನ್‌ವಿಲ್‌ನಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಆದರೆ ಚಿಕ್ಕಂದಿನಲ್ಲಿ ಅವಳಮ್ಮ ಭಾನುವಾರದ ಕನ್ನಡ ಶಾಲೆಗೆ ಅಳಿಸಿ ಅಳಿಸಿ ಕಳಿಸಿದ್ದರಂತೆ, ಅಕ್ಷರ ಬರುತ್ತದೆ. ಅದು ನನಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಅವಳು ಕಪಾಟಿನ ಮೂಲೆಯಿಂದ ಶಾರದಾಳ ಹಳೇ ಚಕ್ಕುಲಿ ಡಬ್ಬಿ ಎಳೆದು, ಮುಚ್ಚಳದ ಮೇಲಿನ ಚೀಟಿಯನ್ನು ಕೂಡಿಸಿ ಕೂಡಿಸಿ ಓದಿದಳು. “ಮಾ-ತು ಕೇ-ಳ-ದ-ವು. ವಾಟ್ ಈಸ್ ದಿಸ್, ಅಂಕಲ್?”

ನಾವು ಪ್ರೊಫೆಸರಿಗೆ ತಿಳಿಯಬಾರದೆಂದು ಡಬ್ಬಿಗಳ ಮೇಲೆ ಕನ್ನಡದಲ್ಲಿ ತಮಾಷೆ ಬರೆಯುತ್ತಿದ್ದೆವಲ್ಲ, ಅದು. ಬರೆದವನು ನಾನೇ. ಈ ದೇಶದಲ್ಲಿ ಇದನ್ನು ಯಾರು ಓದುತ್ತಾರೆ ಎಂಬ ಧೈರ್ಯ. ಬೇಸಿಗೆ ಬೆಚ್ಚಗಿದ್ದ ವರ್ಷ ಉಂಗುರ ದಪ್ಪ, ತಣ್ಣಗಿದ್ದ ವರ್ಷ ಸಪೂರ ಎಂದಲ್ಲವೇ ನಮ್ಮ ಲೆಕ್ಕ. ಅರವತ್ತು ಮರಗಳಲ್ಲಿ ಇಪ್ಪತ್ತಮೂರರ ಉಂಗುರಗಳು ಥರ್ಮಾಮೀಟರಿನ ದಾಖಲೆಗೆ ಹೊಂದಲಿಲ್ಲ. ಕೊಳೆತದ್ದು, ಮುರಿದದ್ದು ಆಗಿದ್ದರೆ ಬಿಡುವುದು ಸರಿ. ಇವು ಗಟ್ಟಿಯಾಗಿಯೇ ಇದ್ದವು. ಹೊಂದಲಿಲ್ಲ ಎಂಬುದೊಂದೇ ಕಾರಣಕ್ಕೆ ಡಬ್ಬಿಗೆ ಹಾಕಿದೆ. ಉಳಿದ ಮೂವತ್ತೇಳರಿಂದ ನಾನೂರು ವರ್ಷಗಳ ಬೇಸಿಗೆ ಹೇಗಿತ್ತೆಂದು ಬರೆದು ಹೆಸರು ಮಾಡಿಕೊಂಡೆ. ಬಿಟ್ಟವುಗಳ ಬಗ್ಗೆ ಪ್ರಬಂಧದಲ್ಲಿ ಒಂದು ಸಾಲೂ ಇಲ್ಲ.

ಇದನ್ನೇ ಮೈತ್ರಿಗೂ ಹೇಳಿದೆ. ಅವಳು ಡಬ್ಬಿಯಿಂದ ಒಂದು ಸ್ಟ್ರಾ ಎತ್ತಿ ಬೆಳಕಿಗೆ ಹಿಡಿದು ಕೇಳಿದಳು. “ಅಂಕಲ್, ಮ್ಯಾಚ್ ಆಗೋದನ್ನ ಮಾತ್ರ ಇಟ್ಕೊಂಡ್ರೆ, ಲಾಸ್ಟಲ್ಲಿ ಮ್ಯಾಚ್ ಆಗೇ ಆಗತ್ತಲ್ವಾ?” ಅಷ್ಟುದ್ದ ಕನ್ನಡವನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

“ಆಗೆಲ್ಲಾ ಹಾಗೇ ಮಾಡ್ತಿದ್ರಮ್ಮ” ಎಂದೆ. ಎಲ್ಲರೂ ಮಾಡುತ್ತಿರಲಿಲ್ಲ. ನೀನಂತೂ ಮಾಡಲಿಲ್ಲ. “ಮರ ಆರಿಸೋದು ಬೆಟ್ಟದ ಮೇಲೆ ಕಣೋ, ಉತ್ತರ ನೋಡಿದ ಮೇಲಲ್ಲ” ಎಂದು ನನ್ನ ಜೊತೆ ಎಷ್ಟು ಜಗಳವಾಡಿದ್ದೆ! ಸ್ಟ್ರಾಗಳನ್ನೆಲ್ಲ ತೆಗೆದ ಮೇಲೆ ಡಬ್ಬಿಯ ತಳದಲ್ಲಿ ಒಂದು ಬಸ್ ಟಿಕೆಟ್ ಸಿಕ್ಕಿತು. ಹಿಂದೆ ನಿನ್ನ ದುಂಡು ಅಕ್ಷರ: “ನಾಣಿ, ಇವೂ ಅದೇ ಬೆಟ್ಟದ ಮರಗಳು.” ಯಾವಾಗ ಹಾಕಿದ್ದೆಯೋ. ಇಪ್ಪತ್ತೇಳು ವರ್ಷ ನಾನು ಆ ಡಬ್ಬಿ ತೆರೆದೇ ಇರಲಿಲ್ಲ.

ಮೂರು ವಾರ ಕೂತು ಎಲ್ಲವನ್ನೂ ಸೇರಿಸಿ ಮತ್ತೆ ಅಳೆದೆವು. ಈಗಿನ ಸೆಕೆ ಸುಳ್ಳಾಗಲಿಲ್ಲ, ಅದಕ್ಕೆ ಥರ್ಮಾಮೀಟರೇ ಸಾಕ್ಷಿ. ಆದರೆ ಹಿಂದಿನ ಕಾಲದ ಬಗ್ಗೆ ನಾನು ಎದೆ ತಟ್ಟಿ ಹೇಳಿದ್ದನ್ನು ಅಷ್ಟು ಗಟ್ಟಿಯಾಗಿ ಹೇಳಲು ಬರುವುದಿಲ್ಲ. ನನ್ನ ಹೆಸರಿಗೆ ಕಾರಣವಾದ ಆ ನಕ್ಷೆಯ ಗೆರೆ ಮಸುಕಾಯಿತು.

ಶಾರದಾ ಮೊದಲ ದಿನ “ಜೂನ್ ತನಕ ಸುಮ್ನಿರಿ, ಆಮೇಲ್ ಯಾರು ಕೇಳ್ತಾರೆ?” ಎಂದಳು. ಒಂದು ವಾರ ನನ್ನ ಮುಖ ನೋಡಿ ಅವಳೇ “ಕಳ್ಸಿಬಿಡಿ ಅತ್ಲಾಗೆ, ಮಾಡಿದ್ ಸಾರೆಲ್ಲ ಮಿಕ್ತಾ ಇದೆ” ಎಂದಳು. ತಪ್ಪೊಪ್ಪಿಗೆ ಬರೆದಾಗಿದೆ. ಶುಕ್ರವಾರ, ಆ ಪ್ರಬಂಧ ಅಚ್ಚಾಗಿದ್ದ ಪತ್ರಿಕೆಗೇ ಹೋಗುತ್ತದೆ. ಅಚ್ಚಾಗುವ ಮೊದಲು ಅದರಲ್ಲಿ ನಿನ್ನ ಹೆಸರು ಸೇರಿಸುವ ಆಸೆ, ಮರ ಕೊರೆದವನೆಂದೂ, ಆಗಲೇ ಬೇಡವೆಂದವನೆಂದೂ. ಅದಕ್ಕೆ ನಿನ್ನ ಒಪ್ಪಿಗೆ ಬೇಕು. ಆದರೆ ಕೆಳಗಿನದನ್ನು ಓದದೆ ಒಪ್ಪಬೇಡ.

ಮಂಡಿ ಜೋಪಾನ. ನಿನ್ನ ಮೊಮ್ಮಗಳು ಚಿನ್ಮಯಿಗೆ ಈ ತಾತನ ಆಶೀರ್ವಾದ, ನಿನ್ನ ಹಾಗೆ ಹಟಮಾರಿಯಾಗಿ ಬೆಳೆಯಲಿ.

ನಿನ್ನ
ನಾಣಿ

ತಾ.ಕ.: “ಆ ವರ್ಷ ಗ್ರಾಂಟ್ ಮುಗಿಯದೇ ಇದ್ದಿದ್ದರೆ ನಾನೂ ಮರಗಳ ಜೊತೆಯೇ ಇರುತ್ತಿದ್ದೆನೇನೋ, ವಿಮಾನದ ರೆಕ್ಕೆ ಅಳೆಯುತ್ತಾ ಆಯುಷ್ಯ ಹೋಯಿತು” ಎಂದು ನೀನು ಬರೆದಿದ್ದೆ. ಆ ಸಾಲಿಗಾಗಿಯೇ ನಾಲ್ಕು ತಿಂಗಳು ಉತ್ತರ ಬರೆಯಲಾಗಲಿಲ್ಲ. ಗ್ರಾಂಟ್ ಮುಗಿದಿರಲಿಲ್ಲ, ಗೋವಿಂದ. ನಿನ್ನನ್ನು ಇನ್ನೆರಡು ವರ್ಷ ಇಟ್ಟುಕೊಳ್ಳೋಣವೇ ಎಂದು ಪ್ರೊಫೆಸರ್ ನನ್ನನ್ನು ಕೇಳಿದರು. “ಒಳ್ಳೆಯವನೇ, ಆದರೆ ನಮಗೆ ಹೊಂದುವುದಿಲ್ಲ” ಎಂದೆ. ಆ ಶನಿವಾರವೇ ನಮ್ಮ ಸುಮುಖನ ನಾಮಕರಣ. ಕೆಲಸ ಕಳೆದುಕೊಂಡ ನೀನು ಎರಡು ಬಸ್ ಬದಲಿಸಿ ಯಾರದೋ ತೊಟ್ಟಿಲು ಹೊತ್ತು ತಂದೆ. ಎಲ್ಲರೂ ಹೋದ ಮೇಲೆ ನನ್ನ ಜೊತೆ ನಿಂತು ಪಾತ್ರೆ ತೊಳೆದೆ. ನನ್ನ ಮುಖ ನೋಡಿ ನನಗೇ ಸಮಾಧಾನ ಹೇಳಿದೆ, “ಬೇಜಾರ್ ಮಾಡ್ಕೋಬೇಡ ಕಣೋ ನಾಣಿ, ನಿನ್ ಕೈಲಿ ಏನಿತ್ತು?” ಎಂದು.

ನನ್ನ ಕೈಯಲ್ಲೇ ಇತ್ತು.