ಸೊಂಟದ ಹೊಲಿಗೆ

ಜೂನ್ ೧೪, ಶನಿವಾರ

ತಮ್ಮ ಇವತ್ತೂ ಅರ್ಧ ಊಟ ಬಿಟ್ಟು ಎದ್ದ. "ಎರಡು ಹೊತ್ತು ಓಡೋನು ಗಾಳಿ ಕುಡಿದು ಬದುಕ್ತೀಯೇನೋ?" ಎಂದು ರೇಗಿದೆ. ಸರಿಯಾಗಿ ತಿನ್ನದೆ ಓಡಿದರೆ ಕೊಬ್ಬಲ್ಲ, ನೀನೇ ಕರಗುತ್ತೀಯ ಎಂದು ವ್ಯಾಯಾಮ ಕಲಿಸುವವರೂ ಬೈದಿದ್ದಾರಂತೆ.

"ತೂಕದ ಮೆಷಿನ್ ಸುಳ್ಳು ಹೇಳುತ್ತೆ ಅಕ್ಕಾ, ಪ್ಯಾಂಟ್ ಹೇಳಲ್ಲ. ನೋಡು, ಸೊಂಟದ ಹತ್ರ ಇನ್ನೂ ಬಿಗಿ. ನಾಳೆಯಿಂದ ರಾತ್ರಿ ಊಟಾನೂ ಬಿಡ್ತೀನಿ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮೈಮೇಲೆ ಬಟ್ಟೆ ಸಡಿಲ ಕಂಡರೆ, ಒಗೆದ ಮೇಲೆ ಹೇಳದೆ ಕೇಳದೆ ಹಿಡಿದು ಹೊಲಿಯುವುದು ದರ್ಜಿಯಾದ ನನ್ನ ಚಟ. ಅವನ ಪ್ಯಾಂಟುಗಳನ್ನು ಎಷ್ಟು ಸಲ ಹಿಡಿದೆನೋ! ಅವನು ಸೊರಗಿದಂತೆಲ್ಲ ನಾನು ಬಿಗಿ ಮಾಡಿದೆ. ಬಿಗಿಯಾದಂತೆಲ್ಲ ಅವನು ತಟ್ಟೆ ದೂರ ತಳ್ಳಿದ.

ಅವನು ಸ್ಕಿಪ್ಪಿಂಗ್ ಹಗ್ಗ ಹಿಡಿದು ತಾರಸಿಗೆ ಹೋದ ಮೇಲೆ, ಹೊಲಿಗೆ ಬಿಚ್ಚಿಬಿಡೋಣವೆಂದು ಒಗೆದಿಟ್ಟ ಅವನ ಇನ್ನೊಂದು ಪ್ಯಾಂಟು ತಿರುವಿದೆ. ಸಡಿಲ ಬಿಡಲು ಒಳಗೆ ಬಟ್ಟೆಯೇ ಉಳಿದಿಲ್ಲ. ನೀಟಾಗಿ ಕೂರಲೆಂದು ಪ್ರತಿ ಸಲವೂ ಹೆಚ್ಚಿನದನ್ನು ನಾನೇ ಕತ್ತರಿಸಿ ಎಸೆದಿದ್ದೇನೆ.

ಇಳಿದು ಬಂದ ಕೂಡಲೇ ಹೇಳಿಬಿಡುತ್ತೇನೆ. ಬೈದರೆ ಬೈಯಲಿ.

ಹಗ್ಗ ನೆಲಕ್ಕೆ ಬಡಿಯುವ ಸದ್ದು ನಿಂತು ಆಗಲೇ ಹೊತ್ತಾಯಿತು. ಮೆಟ್ಟಿಲ ಮೇಲೆ ಹೆಜ್ಜೆ ಇನ್ನೂ ಕೇಳಿಲ್ಲ. ಕರೆದರೂ ಓಗೊಡುತ್ತಿಲ್ಲ, ಮೇಲೆ ಹೋಗಿ ನೋ—