ಬರೀ ಕೈ ನೋಡಿದರು

ಹದಿನಾಲ್ಕು, ಮಂಗಳವಾರ.

"ಕೈ ನಡುಕ ಎಷ್ಟು ಕಮ್ಮಿಯಾಗಿದೆ ನೋಡಿ! ತುಂಬಾ ಚೆನ್ನಾಗಿದಾರೆ," ಅಂದರು ಡಾಕ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಪಾರ್ಕಿನ್ಸನ್ ಅಂದರೆ ಬರೀ ಕೈಯೇ? ನಮ್ಮ ಯಜಮಾನರಿಗೆ ಮಲಬದ್ಧತೆ, ಯಾವುದರಲ್ಲೂ ಮನಸ್ಸಿಲ್ಲ; ಈಚೆಗೆ ಖಾಲಿ ಕುರ್ಚಿ ತೋರಿಸಿ "ಪಾಪ, ಅವರಿಗೆ ನೀರು ಕೊಡೇ" ಅನ್ನುತ್ತಾರೆ. ಎಲ್ಲವನ್ನೂ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಆ ಚೀಟಿಯನ್ನು ಓದದೆ ಅದರ ಮೇಲೆ ಪೆನ್ನಿಟ್ಟು, ಇವರಿಗೆ ಬೆರಳು ಮಡಚಿ ಬಿಚ್ಚಲು ಹೇಳಿದರು.

"ಇದೆಲ್ಲ ಯಾವಾಗ ಶುರುವಾಯ್ತು ಅಂತಾದ್ರೂ ಕೇಳಿ," ಅಂದೆ.

"ಮೂರು ವರ್ಷದ ಹಿಂದೆ, ಕೈ ನಡುಗಿದಾಗ ಅಲ್ವಾ?" ಅಂದರು, ತಲೆಯೆತ್ತದೆ.

ಅಲ್ಲ! ಎಂಟು ವರ್ಷದ ಹಿಂದೆ, ಮೂಗಿನಿಂದ. ಇವರು ಗ್ಯಾಸ್ ಒಲೆ ರಿಪೇರಿಯವರು. ಬಾಗಿಲಲ್ಲೇ ನಿಂತು ವಾಸನೆಯಲ್ಲಿ ಸೋರಿಕೆ ಹಿಡಿಯುತ್ತಿದ್ದವರು, ಇದ್ದಕ್ಕಿದ್ದಂತೆ ಪೈಪಿನುದ್ದಕ್ಕೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೆಯೇ ಎಂದು ಕಾಯುತ್ತ ಕೂರತೊಡಗಿದರು. "ಪುಕ್ಕಲ" ಎಂದು ಇವರು ಕೆಲಸ ಮಾಡುತ್ತಿದ್ದ ಅಂಗಡಿಯವನು ನಕ್ಕ. ಆಮೇಲೆ ನಿದ್ದೆಯಲ್ಲಿ ಕಿರುಚುವುದು, ಒದೆಯುವುದು. ಕುಡಿತ ಶುರುವಾಗಿದೆ ಎಂದು ನಾದಿನಿ ತೀರ್ಪು ಕೊಟ್ಟಳು. ನಡುಕ ಬಂದದ್ದು ಇಷ್ಟೆಲ್ಲ ಆದಮೇಲೆ.

ಮನೆಗೆ ಬಂದಮೇಲೂ ಡಾಕ್ಟರಿಗೆ ಬೈಯುತ್ತಲೇ ಇದ್ದೆ. ಇವರು ಮೆಲ್ಲಗೆ, "ಬಿಡೇ. ವಾಸನೆ ಗೊತ್ತಾಗ್ತಿಲ್ಲ ಅಂತ ಮೊದಲು ನಿಂಗೇ ಹೇಳಿದ್ದೆ," ಅಂದರು.

ಹೌದು. ಅವತ್ತು ಬಟ್ಟೆ ಮಡಚುತ್ತಿದ್ದೆ. "ನೆಗಡಿ ಇರಬೇಕು" ಅಂದಿದ್ದೆ.

ತಲೆಯೆತ್ತಿದ್ದೆನಾ?